ಈ ದಡದಿಂದ ಈ ದಡಕ್ಕೆ

ಕಂಬಿರಾಯರಿಗೆ ನೀರೆಂದರೆ ಭಯ ಎಂದು ಹೇಳುವುದು ಅನ್ಯಾಯವಾದೀತು. ಲೋಟದಲ್ಲಿರುವ ನೀರಿಗೆ ಅವರು ಎಂದೂ ಹೆದರಿದವರಲ್ಲ. ಬಕೆಟ್ಟಿನ ನೀರನ್ನೂ ಧೈರ್ಯವಾಗಿಯೇ ಎದುರಿಸುತ್ತಿದ್ದರು. ಆದರೆ ನೀರು ಹರಿಯತೊಡಗಿತೋ, ಅದು ಪಾದ ಮುಳುಗುವಷ್ಟೇ ಇದ್ದರೂ ಸರಿ, ಅವರ ಮೊಣಕಾಲುಗಳು ಅವರ ಮಾತು ಕೇಳುತ್ತಿರಲಿಲ್ಲ. ಇಂಥ ಮನುಷ್ಯ ಸೇತುವೆಗಳ ಕಚೇರಿಯಲ್ಲಿ ಕೆಲಸಕ್ಕಿದ್ದದ್ದು ಹೇಗೆ ಎಂದು ಯಾರಾದರೂ ಹುಬ್ಬೇರಿಸಿದರೆ ನಾವು ಹೇಳುವುದಿಷ್ಟೇ: ನೀರಿಗೆ ಹೆದರದವನಿಗೆ ಸೇತುವೆ ಯಾಕೆ ಬೇಕು ಸ್ವಾಮಿ?

ಹೊಳೆ ಅಡ್ಡ ಬಂದು ದಾರಿ ಕಳೆದುಕೊಂಡ ಹಳ್ಳಿಗಳಿಗೆ ಕಾಲುಸೇತುವೆಗಳ ನಕ್ಷೆ ಮಾಡಿಕೊಡುವುದು ಆ ಕಚೇರಿಯ ಕೆಲಸ. ಮೊದಲು ಇಂಜಿನಿಯರು ಹೋಗಿ ಜಾಗ ನೋಡುತ್ತಾರೆ. ಎರಡು ದಡಗಳಲ್ಲಿ ಒಂದೊಂದು ಕೆಂಪು ಬಣ್ಣದ ಗೂಟ ಹೊಡೆದು ನಡುವಿನ ಅಳತೆ ತರುತ್ತಾರೆ. ಆ ಅಳತೆಯ ಮೇಲೆ ಒಬ್ಬರು ಬುನಾದಿ ಬರೆಯುತ್ತಾರೆ, ಒಬ್ಬರು ಕಂಬ, ಇನ್ನೊಬ್ಬರು ನಡೆಯುವ ಹಲಗೆ. ಎಲ್ಲ ಮುಗಿದ ಮೇಲೆ ನಕ್ಷೆ ಕಿಟಕಿ ಪಕ್ಕದ ಮೇಜಿಗೆ ಬರುತ್ತದೆ. ಜನ ಕೈಯಲ್ಲಿ ಹಿಡಿದುಕೊಂಡು ಹೋಗುವ ಕಂಬಿಯನ್ನು ಬರೆಯುವುದು ಆ ಮೇಜಿನ ಪಾಲು. ಸೇರಿದ ದಿನದಿಂದ ಕಂಬಿಯನ್ನಷ್ಟೇ ಬರೆದುಕೊಂಡು ಬಂದದ್ದರಿಂದ ಅವರ ಹುಟ್ಟುಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕಂಬಿ ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗೆ ಇರುತ್ತಿತ್ತು. ಬೇರೆ ಯಾರು ಬರೆದರೂ ಅದು ದನದ ಕೊಟ್ಟಿಗೆಯ ಬೇಲಿಯಂತೆ ಕಾಣುತ್ತದೆ ಎಂದು ದೊಡ್ಡ ಸಾಹೇಬರೇ ಹೇಳಿದ್ದರು.

ಇಷ್ಟರಲ್ಲೇ ಸುಖವಾಗಿದ್ದವರನ್ನು ಕೆಡಿಸಿದ್ದು ಅತ್ತೆಮನೆ.

ಅತ್ತೆಯ ಊರು ಒಂದು ಹೊಳೆಯ ದಂಡೆಯಲ್ಲಿತ್ತು. ರಸ್ತೆ, ಶಾಲೆ, ಅಂಗಡಿ, ಬಸ್ಸು ಎಲ್ಲ ಈಚೆ. ಆಚೆ ದಡದಲ್ಲಿ ಒಂದಷ್ಟು ಮನೆಗಳು, ಅವುಗಳ ಹಿಂದೆ ಗುಡ್ಡ, ಗುಡ್ಡದ ಹಿಂದೆ ಏನೂ ಇಲ್ಲ. ಅತ್ತೆ ತಮ್ಮ ಹಿರಿಮಗಳನ್ನು ಕಂಬಿರಾಯರಿಗೆ ಕೊಟ್ಟಿದ್ದರು, ಕಿರಿಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದರು. ಬೇಸಿಗೆಯಲ್ಲಿ ನೀರು ಸೊಂಟದ ಕೆಳಗಿದ್ದಾಗ ತಾಯಿ ಬುಟ್ಟಿ ಹೊತ್ತು ದಾಟಿ ಹೋಗಿ ಮಗಳನ್ನು ನೋಡಿ ಬರುತ್ತಿದ್ದರು. ಮಳೆಗಾಲ ಬಂತೆಂದರೆ ತಾಯಿ ಈ ದಡದಲ್ಲಿ, ಮಗಳು ಆ ದಡದಲ್ಲಿ. ಹೋದ ಮಳೆಗಾಲದಲ್ಲಿ ಕಿರಿಮಗಳು ಹೆತ್ತಾಗ ಕೂಸನ್ನು ಅಜ್ಜಿಗೆ ತೋರಿಸಿದ್ದು ಹೇಗೆಂದರೆ, ದಡದಲ್ಲಿ ನಿಂತು ಎರಡು ಕೈಯಲ್ಲಿ ಮೇಲೆತ್ತಿ. ನಡುವೆ ಕೆಂಪು ನೀರು ಭೋರೆಂದು ಹರಿಯುತ್ತಿತ್ತು. "ಯಾರ ಥರ ಇದೆ?" ಎಂದು ಅತ್ತೆ ಕೂಗಿದರು. "ನಿನ್ನ ಥರಾನೇ!" ಎಂದು ಉತ್ತರ ಬಂತು. ಅತ್ತೆ ಮನೆಗೆ ಬಂದು ಕನ್ನಡಿ ನೋಡಿಕೊಂಡು ಅತ್ತರು.

ಹೀಗಿರುವಾಗ ರಾಯರು ಹೆಂಡತಿಯೊಂದಿಗೆ ಅತ್ತೆಮನೆಗೆ ಬಂದಿದ್ದ ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಅತ್ತೆಯ ಮನೆಯ ಬೆಂಚಿನ ಮೇಲೆ ಕೂತು, ತಮ್ಮ ಅಳಿಯ ರೈಲು ಓಡಿಸುವ ವೈಭವವನ್ನು ಬಣ್ಣಿಸುತ್ತಿದ್ದರು. "ಅವನು ಬ್ರೇಕ್ ಹಾಕಿದ್ರೆ ಸಾವಿರ ಜನ ಮುಂದಕ್ಕೆ ಬಾಗ್ತಾರೆ, ಗೊತ್ತಾ!" ಎಂದು ಹೇಳಿ, ಮೆಲ್ಲಗೆ ರಾಯರ ಕಡೆಗೆ ತಿರುಗಿ, "ತಮ್ಮದು ಏನೋ ಬರೆಯೋ ಕೆಲಸ ಅಂದ ಹಾಗಿತ್ತು," ಎಂದರು.

ಅತ್ತೆಯ ಮುಖ ಸಣ್ಣದಾಯಿತು. ಅದನ್ನು ನೋಡಿ ಕಂಬಿರಾಯರ ನಾಲಿಗೆ ತಾನಾಗಿಯೇ ಹೊರಳಿತು. "ಸೇತುವೆ. ಸೇತುವೆಗಳನ್ನ ಮಾಡೋದು ನಾನೇ."

ಒಳಗಿನಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಅದು ಅವರ ಹೆಂಡತಿ.

"ಹಾಗಾದ್ರೆ ನಮ್ಮ ಹೊಳೆಗೂ..." ಎಂದು ಅತ್ತೆ ಉಸಿರು ಬಿಗಿಹಿಡಿದರು.

"ನಾನು ಮನಸ್ಸು ಮಾಡಿದ್ರೆ ಆಯ್ತು," ಎಂದರು ರಾಯರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾತ್ರಿ ಹೆಂಡತಿ, "ರೀ, ನಿಮ್ಮ ಕಂಬಿ ಹಿಡ್ಕೊಂಡು ನಮ್ಮಮ್ಮ ಗಾಳಿಯಲ್ಲಿ ನಡೀಬೇಕಾ?" ಎಂದು ಕೇಳಿದ್ದಕ್ಕೆ ರಾಯರು ಗೊರಕೆಯನ್ನು ಉತ್ತರವಾಗಿ ಕೊಟ್ಟರು.

ಗ್ರಹಚಾರ ನೋಡಿ. ಕಚೇರಿಗೆ ಮರಳಿದರೆ ಸೇತುವೆ ಕೇಳಿದ ಹಳ್ಳಿಗಳ ಪೈಕಿ ಆ ಊರಿನ ಸರದಿಯೇ ಬಂದು ಕೂತಿತ್ತು. ಹೋಗಿ ಗೂಟ ಹೊಡೆಯಬೇಕಾದ ಇಂಜಿನಿಯರು ಮೆಟ್ಟಿಲು ಜಾರಿ ಹಾಸಿಗೆ ಹಿಡಿದಿದ್ದರು. ಮಲಗಿದ್ದಲ್ಲಿಂದಲೇ ಅವರು, "ಕಂಬಿ, ಅದು ನಿಮ್ಮ ಅತ್ತೆ ಊರಲ್ವೇನ್ರೀ? ಹೋಗಿ ಎರಡು ಗೂಟ ಹೊಡ್ಕೊಂಡು ಬನ್ನಿ. ಈ ಕಡೆ ಒಂದು, ಆ ಕಡೆ ಒಂದು. ಎಮ್ಮೆ ಕಟ್ಟೋರು ಕೂಡ ಮಾಡ್ತಾರೆ," ಎಂದರು. ಎಮ್ಮೆ ಕಟ್ಟುವವರು ಎಮ್ಮೆಯನ್ನು ನಂಬಿ ದಾಟುತ್ತಾರೆ ಎಂಬ ಸಂಗತಿಯನ್ನು ರಾಯರು ಆಗ ಹೇಳಬೇಕಿತ್ತು. ಹೇಳಲಿಲ್ಲ.

ಊರಿಗೆ ಊರೇ ದಡದಲ್ಲಿ ನೆರೆದಿತ್ತು. ರಾಯರು ಹೊಸ ಬೂಟು ಹಾಕಿ, ಕೈಯಲ್ಲಿ ಟೇಪು ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೊದಲನೆಯ ಗೂಟ ಹೊಡೆದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ರಾಯರು ನೀರಿನಾಚೆ ಕಣ್ಣು ಹಾಯಿಸಿದರು. ಎಡಕ್ಕೆ ಅಷ್ಟು ದೂರದಲ್ಲಿ ನೀರಂಚಿಗೆ ಒಂದು ಕರಿಬಂಡೆ ಗಟ್ಟಿಯಾಗಿ ಕೂತಿತ್ತು. ಬುನಾದಿಗೆ ಬಂಡೆಯಂಥ ಜಾಗವಿಲ್ಲ ಎಂದು ಬುನಾದಿ ಬರೆಯುವವರು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದು ಅವರಿಗೆ ನೆನಪಿತ್ತು.

"ಎರಡನೇ ಗೂಟ ಆ ಬಂಡೆ ಮೇಲೆ," ಎಂದು ಬೆರಳು ತೋರಿಸಿದರು.

ಜನ ಬಂಡೆ ನೋಡಿದರು, ಗೂಟ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಅಷ್ಟೇ.

ರಾಯರ ಬಾಮೈದ, ಎಂದರೆ ಹೆಂಡತಿಯ ತಮ್ಮ, ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುವವನು. ದಿಮ್ಮಿಯನ್ನು ಎಲ್ಲಿಡು ಎಂದರೆ ಅಲ್ಲಿಡುವುದು ಅವನ ಕೆಲಸ. ಯಾಕೆ ಎಂದು ಕೇಳುವುದು ಅವನ ಕೆಲಸವಲ್ಲ.

"ಆ ಬಂಡೆಗಾ ಭಾವ?" ಎಂದ.

"ಆ ಬಂಡೆಗೇ."

"ಸರಿ."

"ದಾರಿಯಲ್ಲಿ ನೀರಿದೆಯೇನೋ?" ಎಂದು ರಾಯರು ಅವನ ಕಿವಿಯಲ್ಲಿ ಕೇಳಿದರು.

"ಇದೆ."

"ಹರಿಯುತ್ತಾ?"

"ಇನ್ನೇನು ನಿಂತ್ಕೊಳ್ಳುತ್ತಾ?"

ಹೊಸ ಬೂಟು ನೆನೆಯಬಾರದೆಂಬ ನೆಪದಲ್ಲಿ ರಾಯರು ಬಾಮೈದನ ಬೆನ್ನೇರಿದರು. ಏರಿದವರೇ ಎರಡೂ ಕಣ್ಣನ್ನು ಗಟ್ಟಿಯಾಗಿ ಮುಚ್ಚಿದರು. ಬಾಮೈದ ನಡೆದ, ನಡೆದ, ಆಮೇಲೆ ಚಳಪಳ ಎಂದು ನೀರಿನ ಸದ್ದು ಕೇಳಿಸಿತು. ರಾಯರು ಅವನ ಕುತ್ತಿಗೆಯನ್ನು ಅದೆಷ್ಟು ಬಿಗಿಯಾಗಿ ಹಿಡಿದರೆಂದರೆ ಅವನಿಗೆ ಕೆಮ್ಮು ಬಂತು. ಸದ್ದು ನಿಂತಿತು. ಬಾಮೈದ ದಿಮ್ಮಿ ಇಳಿಸಿದಂತೆ ಅವರನ್ನು ಇಳಿಸಿದ. ಕಣ್ಣು ಬಿಟ್ಟರೆ ಕಾಲ ಕೆಳಗೆ ಕರಿಬಂಡೆ, ಎದುರಿಗೆ ನೀರು, ನೀರಿನಾಚೆ ಒಗೆಯುವ ಕಲ್ಲು, ಅದರ ಪಕ್ಕ ತಮ್ಮದೇ ಕೆಂಪು ಗೂಟ! ಹೊಳೆ ದಾಟಿದ ಹೆಮ್ಮೆಗೆ ರಾಯರ ಕಣ್ಣಲ್ಲಿ ನೀರು ಬಂತು. ಬಂಡೆಯ ಬಿರುಕಿನಲ್ಲಿ ಎರಡನೆಯ ಗೂಟ ಹೊಡೆದರು. ಬಾಮೈದ ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಈಜಿ ಅಳತೆ ಕೊಟ್ಟ.

"ಇಷ್ಟಗಲಾನೇನ್ರೀ ಆ ಹೊಳೆ?" ಎಂದು ಹಾಸಿಗೆಯಲ್ಲಿದ್ದ ಇಂಜಿನಿಯರು ಆಶ್ಚರ್ಯಪಟ್ಟರು.

"ಅತ್ತೆ ಊರಿನದು ಸಾರ್, ದೊಡ್ಡದೇ," ಎಂದರು ರಾಯರು.

ಆ ಅಳತೆಯ ಮೇಲೆ ಬುನಾದಿ ಬಂತು, ಕಂಬ ಬಂತು, ಹಲಗೆ ಬಂತು. ಇನ್ನು ಕಂಬಿಯ ವಿಷಯ ಹೇಳಬೇಕೇ? ಅತ್ತೆಯ ಕೈ ಹಿಡಿಯುವ ಕಂಬಿ ಎಂದು ರಾಯರು ಅದಕ್ಕೆ ಪ್ರಾಣವನ್ನೇ ಸುರಿದರು. ದೊಡ್ಡ ಸಾಹೇಬರು ನಕ್ಷೆಯನ್ನು ಹಿಡಿದು ಕಂಬಿಯನ್ನೇ ಬಹಳ ಹೊತ್ತು ನೋಡಿ, "ನಾನೇ ಬಂದು ಜಾಗ ನೋಡಿ ಸಹಿ ಹಾಕ್ತೀನಿ," ಎಂದುಬಿಟ್ಟರು.

ಈ ಸಿಹಿಸುದ್ದಿ ತೆಗೆದುಕೊಂಡು ರಾಯರು ಹೆಂಡತಿಯೊಂದಿಗೆ ಅತ್ತೆಮನೆಗೆ ಬಂದರು. ಬೇಸಿಗೆ ಕಳೆಯುತ್ತಿತ್ತು, ಮೋಡ ಕಟ್ಟುತ್ತಿತ್ತು. ಊರಿನಲ್ಲಿ ಆಗಲೇ "ಸೇತುವೆಗೆ ದಾರಿ" ಎಂಬ ಹಲಗೆ ನೆಟ್ಟಿದ್ದರು. ಟೀ ಅಂಗಡಿಯವನು ಅಂಗಡಿಯನ್ನು ಬಂಡೆಯ ಬಳಿಗೆ ಸಾಗಿಸಿದ್ದ. ಗೂಟಗಳನ್ನು ಯಾರೂ ಕೀಳದ ಹಾಗೆ ಕಾಯಲು ಒಬ್ಬ ಕಾವಲುಗಾರ ಕೂಡ ನೇಮಕವಾಗಿದ್ದ. ರಾಯರು ಒಗೆಯುವ ಕಲ್ಲಿನ ಮೇಲೆ ನಿಂತು ಸೇತುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕೈ ಬೀಸಿ ವಿವರಿಸುತ್ತಿದ್ದರು. ಆಗ ಹೊಳೆಯ ಆಚೆಯಿಂದ ಒಂದು ಹೆಣ್ಣುದನಿ ಕೂಗಿತು.

"ಭಾವಾ! ನಮ್ಮ ಕಡೆ ಗೂಟ ಯಾವಾಗ ಹೊಡೀತೀರಾ?"

ನಾದಿನಿ. ಸೊಂಟದಲ್ಲಿ ಕೂಸು.

ರಾಯರು ನಗುತ್ತಾ, "ಹೊಡ್ದಾಯ್ತಲ್ಲಮ್ಮಾ! ಅಲ್ನೋಡು, ಬಂಡೆ ಮೇಲೆ!" ಎಂದು ಕೂಗಿದರು.

"ಅದು ನಿಮ್ಮ ಕಡೇದೇ ಅಲ್ವಾ ಭಾವಾ?"

ರಾಯರ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ನಾದಿನಿ ಇದ್ದದ್ದು ಎದುರಿಗೆ. ಬಂಡೆ ಇದ್ದದ್ದು ಎಡಕ್ಕೆ. ಈ ಹೊಳೆಗೆ ನೆಟ್ಟಗೆ ಹರಿಯುವ ಅಭ್ಯಾಸವೇ ಇರಲಿಲ್ಲ. ಊರಿನ ಹತ್ತಿರ ಬಂದಾಗ ಕುಡುಗೋಲಿನ ಹಾಗೆ ಬಾಗಿ ಊರಿನ ನೆಲದೊಳಕ್ಕೆ ನುಗ್ಗಿ, ಮತ್ತೆ ಹೊರಬಿದ್ದು ಹೋಗುತ್ತಿತ್ತು. ಬಾಗಿನ ಒಂದು ತುದಿಯಲ್ಲಿ ಒಗೆಯುವ ಕಲ್ಲು, ಇನ್ನೊಂದು ತುದಿಯಲ್ಲಿ ಕರಿಬಂಡೆ, ನಡುವೆ ನೀರು. ಎರಡೂ ಈಚೆಯ ದಡವೇ.

ರಾಯರು ಬಾಮೈದನನ್ನು ಪಕ್ಕಕ್ಕೆ ಎಳೆದರು. "ಅವತ್ತು ನನ್ನ ಹೊತ್ಕೊಂಡು ಹೊಳೆ ದಾಟಿದೆಯಲ್ಲೋ!"

"ಹೊಳೆ ಎಲ್ಲಿ ದಾಟ್ದೆ ಭಾವ? ದಡದ ಮೇಲೇ ಹೋದೆ. ನಡುವೆ ಗದ್ದೆಗೆ ನೀರು ಬಿಡೋ ಕಾಲುವೆ ಇತ್ತು. ಅದನ್ನ ದಾಟ್ದೆ."

"ಮತ್ತೆ ಹೇಳ್ಬಾರ್ದಾ, ಮಹರಾಯ!"

"ನೀವು ಬಂಡೆಗೆ ಅಂದ್ರಿ. ಬಂಡೆಗೆ ಇಳಿಸ್ದೆ," ಎಂದು ಬಾಮೈದ ಶಾಂತವಾಗಿ ಹೇಳಿದ. ಅದರಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು.

ಎಂದರೆ, ಆ ಸೇತುವೆಯನ್ನು ಹತ್ತಿದವನು ನೀರಿನ ಮೇಲೆ ಅಷ್ಟು ದೂರ ನಡೆದು, ಸುಂದರವಾದ ಕಂಬಿಯನ್ನು ಹಿಡಿದು, ಕೊನೆಗೆ ತಾನು ಹೊರಟ ಊರಿಗೇ ಬಂದು ಇಳಿಯುತ್ತಿದ್ದ. ಅತ್ತೆ ಇಲ್ಲೇ, ನಾದಿನಿ ಅಲ್ಲೇ, ಕೂಸು ಗಾಳಿಯಲ್ಲೇ. ರಾಯರು ಬಡಾಯಿಗಾರರಿರಬಹುದು, ಕೆಟ್ಟವರಲ್ಲ.

ನೇರವಾಗಿ ಅತ್ತೆಯ ಬಳಿಗೆ ಹೋಗಿ ಕೈಮುಗಿದು ನಿಂತರು. "ಅತ್ತೆ, ತಪ್ಪಾಗಿದೆ. ನಾನು ಸೇತುವೆ ಮಾಡೋನಲ್ಲ. ಬರೀ ಕಂಬಿ ಬರಿಯೋನು. ಗೂಟ ತಪ್ಪು ಜಾಗದಲ್ಲಿ ಹೊಡೆದಿದ್ದೀನಿ."

ಅತ್ತೆ ಕಣ್ಣು ತುಂಬಿಕೊಂಡು ಪಕ್ಕದ ಮನೆಯ ಕಡೆಗೆ ಕೇಳಿಸುವ ಹಾಗೆ ಹೇಳಿದರು: "ನೋಡಿದ್ರಾ ಮೇಷ್ಟ್ರೇ! ಇಷ್ಟು ದೊಡ್ಡ ಕೆಲಸ ಮಾಡಿದ್ರೂ ಎಷ್ಟು ವಿನಯ! ರೈಲು ಓಡಿಸೋರಿಗೆ ಬರುತ್ತಾ ಈ ಗುಣ?"

"ವಿನಯ ಅಲ್ಲ ಅತ್ತೆ, ನಿಜ!"

"ಅಯ್ಯೋ, ಇನ್ನೂ ಬಗ್ತಾರಲ್ಲಪ್ಪ!"

ಹೆಡ್‌ಮೇಷ್ಟ್ರು ಬೇಲಿಯ ಬಳಿಗೆ ಬಂದರು. ಇಷ್ಟು ದಿನ ಯೋಚಿಸಿ ಅವರಿಗೆ ಎಲ್ಲ ಅರ್ಥವಾಗಿತ್ತಂತೆ. "ಸಾಮಾನ್ಯರಿಗೆ ಇದು ತಿಳಿಯೋದಿಲ್ಲ. ಸಾಧಾರಣ ಸೇತುವೆ ಹೊಳೆಯನ್ನ ವಿರೋಧಿಸುತ್ತೆ. ಅಡ್ಡ ನಿಲ್ಲುತ್ತೆ. ಅದಕ್ಕೇ ಕೊಚ್ಚಿಕೊಂಡು ಹೋಗುತ್ತೆ. ನಿಮ್ಮದು ಹೊಳೆ ಜೊತೇಲೇ ಹೋಗುತ್ತೆ. ವಿರೋಧವೇ ಇಲ್ಲ! ನಾನು ಮೊದಲನೇ ದಿನಾನೇ ಗಂಟಲು ಸರಿಮಾಡ್ಕೊಂಡೆ, ನೆನಪಿದೆಯಾ? ಮೆಚ್ಚುಗೆಗೆ."

"ಮೇಷ್ಟ್ರೇ, ಆಚೆ ದಡಕ್ಕೆ ಹೋಗೋದು ಹೇಗೆ ಅದ್ರಲ್ಲಿ?"

"ಅದು ಎರಡನೇ ಹಂತದಲ್ಲಿ ಬರುತ್ತೆ ಅಂತ ನನ್ನ ಊಹೆ," ಎಂದು ಮೇಷ್ಟ್ರು ಕಣ್ಣು ಮಿಟುಕಿಸಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಈ ಊರಿನಲ್ಲಿ ಕರುವಿಗೆ ಹೆಸರೂ ಇಟ್ಟಾಗಿತ್ತು. ಟೀ ಅಂಗಡಿಯವನಂತೂ ರಾಯರನ್ನು ಕಂಡು, "ಸಾರ್, ಹೊಳೆ ದಾಟ್ಬೇಕು ಅನ್ನೋರು ಹೇಗಾದ್ರೂ ದಾಟ್ತಾರೆ ಬಿಡಿ. ದಾಟೋದು ಬೇಡ, ಸುಮ್ನೆ ಸೇತುವೆ ಮೇಲೆ ಹೋಗಿ ಬರ್ಬೇಕು ಅನ್ನೋರಿಗೆ ಇದುವರೆಗೂ ಯಾರು ಏನು ಮಾಡಿದ್ದಾರೆ?" ಎಂದು ಗದ್ಗದಿತನಾಗಿ ಟೀ ಕೊಟ್ಟ.

ಹೇಳಿದರೆ ಕೇಳುವುದಿಲ್ಲ, ಕಿತ್ತೇ ಹಾಕೋಣ ಎಂದು ರಾಯರು ಬೆಳಗಿನ ಹೊತ್ತು ಒಬ್ಬರೇ ಬಂಡೆಗೆ ಹೊರಟರು. ಕಾಲುವೆಯನ್ನು ಯಾರೋ ಹಾಕಿದ್ದ ಹಲಗೆಯ ಮೇಲೆ ಕೂತು ಜರುಗುತ್ತಾ ದಾಟಿದರು. ಗೂಟಕ್ಕೆ ಕೈ ಹಾಕಿದ್ದೇ ತಡ, ಹಿಂದಿನಿಂದ ಕೋಲು ಅಡ್ಡ ಬಂತು.

"ಮುಟ್ಬೇಡಿ," ಎಂದ ಕಾವಲುಗಾರ. "ಇದು ಇಂಜಿನಿಯರು ಹೊಡೆದ ಗೂಟ."

"ಆ ಇಂಜಿನಿಯರು ನಾನೇ ಕಣಯ್ಯ!"

"ಹಾಗಾದ್ರೆ ಮುಟ್ಟಬಾರ್ದು ಅಂತ ನಿಮಗೇ ಚೆನ್ನಾಗಿ ಗೊತ್ತಿರ್ಬೇಕು."

"ನಾನು ಇಂಜಿನಿಯರಲ್ಲ!"

"ಹಾಗಾದ್ರೆ ಮುಟ್ಟೋಕೆ ನೀವು ಯಾರು?"

ರಾಯರು ಬಂಡೆಯ ಮೇಲೆ ಕುಸಿದು ಕೂತರು. ಕಾವಲುಗಾರ ಅವರಿಗೆ ಕುಡಿಯಲು ನೀರು ಕೊಟ್ಟ. ಲೋಟದಲ್ಲಿದ್ದದ್ದರಿಂದ ಕುಡಿದರು.

ಮನೆಗೆ ಮರಳಿದ ಮೇಲೆ, "ಅನುಭವಿಸಿ," ಎಂದಳು ಹೆಂಡತಿ. ಆಮೇಲೆ ಅವರ ಮುಖ ನೋಡಿ ಅವಳಿಗೇ ಪಾಪ ಎನಿಸಿತು. "ಸಾಹೇಬ್ರು ಬಂದಾಗ ಅವರ ಮುಂದೇನೇ ಹೇಳಿಬಿಡ್ರೀ. ಮರ್ಯಾದೆ ಹೋದ್ರೆ ಹೋಗ್ಲಿ. ಇನ್ನೊಂದು ಮಳೆಗಾಲ ನನ್ನ ತಂಗಿ ಅಲ್ಲೇ ನಿಂತು ಕೂಗೋ ಹಾಗಾದ್ರೆ, ನಾನೂ ನಿಮ್ಮ ಹತ್ರ ದೂರದಿಂದಲೇ ಮಾತಾಡ್ತೀನಿ, ಹೇಳಿದ್ದೀನಿ."

ದೊಡ್ಡ ಸಾಹೇಬರ ಜೀಪು ಬಂತು. ಊರೆಲ್ಲ ಹಿಂದೆ. ಸಾಹೇಬರು ಒಗೆಯುವ ಕಲ್ಲಿನ ಬಳಿ ಗೂಟವನ್ನು ನೋಡಿ ತಲೆದೂಗಿದರು. "ಇನ್ನೊಂದು?" ಎಂದರು. "ಹೀಗೆ ಬನ್ನಿ ಸಾರ್," ಎಂದು ಹೆಡ್‌ಮೇಷ್ಟ್ರು ದಾರಿ ತೋರಿಸಿದರು. ದಡದುದ್ದಕ್ಕೂ ನಡೆದು, ಕಾಲುವೆಯ ಹಲಗೆ ದಾಟಿ, ಟೀ ಅಂಗಡಿಯನ್ನು ಹಾದು ಎಲ್ಲರೂ ಬಂಡೆ ಸೇರಿದರು. ಸಾಹೇಬರು ಗೂಟ ನೋಡಿದರು. ನಕ್ಷೆ ನೋಡಿದರು. ಬಹಳ ಹೊತ್ತು ತಮ್ಮ ಬೂಟು ನೋಡಿಕೊಂಡರು.

"ನನ್ನ ಬೂಟು ಒಣಗೇ ಇದೆ," ಎಂದರು.

"ಹೌದು ಸಾರ್," ಎಂದು ಊರು ಸಂತೋಷಪಟ್ಟಿತು.

"ನಾವು ಹೊಳೆ ದಾಟಿದ್ದು ಯಾವಾಗ?"

ಹೆಡ್‌ಮೇಷ್ಟ್ರು ಮುಂದೆ ಬಂದು ವಿರೋಧವಿಲ್ಲದ ಸೇತುವೆಯ ತತ್ತ್ವವನ್ನು ಸಾಹೇಬರಿಗೆ ವಿವರಿಸಿದರು. ಸಾಹೇಬರು ಕೊನೆಯವರೆಗೂ ಕೇಳಿದರು. ಆಮೇಲೆ ನಕ್ಷೆಯನ್ನು ಸುರುಳಿ ಸುತ್ತತೊಡಗಿದರು.

"ಚೆನ್ನಾಗಿದೆ. ಈ ಊರಿಗೆ ಸೇತುವೆ ಬೇಕಾಗಿಲ್ಲ ಅಂತ ಕಾಣುತ್ತೆ. ಮುಂದಿನ ಸರದೀಲಿರೋ ಊರಿನೋರು ದಿನಾ ಬಂದು ಬಾಗಿಲಲ್ಲಿ ಕೂರ್ತಾರೆ. ಅವರಿಗೆ ಹೋಗ್ಲಿ."

ಅತ್ತೆಯ ಕೈಯಲ್ಲಿದ್ದ ಬುಟ್ಟಿ ಕೆಳಗೆ ಬಿತ್ತು. ಅವರು ಹೊಳೆಯ ಆಚೆಗೆ ನೋಡಿದರು. ಅಲ್ಲಿ ಕಿರಿಮಗಳು ಕೂಸನ್ನೆತ್ತಿಕೊಂಡು, ಏನು ನಡೆಯುತ್ತಿದೆಯೆಂದು ತಿಳಿಯದೆ, ನಗುತ್ತಾ ನಿಂತಿದ್ದಳು.

"ಸಾರ್!" ಎಂದು ಯಾರೋ ಕಿರುಚಿದರು. ಕಿರುಚಿದ್ದು ತಾವೇ ಎಂದು ಕಂಬಿರಾಯರಿಗೆ ಆಮೇಲೆ ಗೊತ್ತಾಯಿತು. "ಊರಿನೋರದು ಏನೂ ತಪ್ಪಿಲ್ಲ ಸಾರ್. ನೀರು ಅಂದ್ರೆ ನನಗೆ ಭಯ. ಬಾಮೈದನ ಬೆನ್ನ ಮೇಲೆ ಕಣ್ಣು ಮುಚ್ಕೊಂಡು ಕೂತಿದ್ದೆ. ಕಾಲುವೆ ದಾಟಿದ್ದನ್ನೇ ಹೊಳೆ ದಾಟಿದ್ದು ಅಂದ್ಕೊಂಡೆ. ಸೇತುವೆ ನಾನೇ ಮಾಡೋದು ಅಂತ ಅತ್ತೆ ಮನೇಲಿ ಸುಳ್ಳು ಹೇಳಿದ್ದೆ."

ಈ ಸಲ ವಿನಯವೆಂದು ಯಾರೂ ಅನ್ನಲಿಲ್ಲ. ಹೆಡ್‌ಮೇಷ್ಟ್ರು ಮಾತ್ರ, "ನಾನು ಮೊದಲನೇ ದಿನಾನೇ ಗಂಟಲು ಸರಿಮಾಡ್ಕೊಂಡೆ," ಎಂದು ಪಕ್ಕದವರಿಗೆ ಹೇಳಿದರು.

ಸಾಹೇಬರು ಗಡಿಯಾರ ನೋಡಿದರು, ಮೋಡ ನೋಡಿದರು. "ನಾನು ಜೀಪ್ ಹತ್ತೋದ್ರೊಳಗೆ ಆಚೆ ದಡದಲ್ಲಿ ಗೂಟ ಕಂಡ್ರೆ ಸಹಿ ಹಾಕ್ತೀನಿ. ಅಳತೆ ಆಮೇಲೆ ತಿದ್ದಿದ್ರಾಯ್ತು. ಗೂಟ ಇಲಾಖೆಯೋರೇ ಹೊಡೀಬೇಕು, ಅದು ನಿಯಮ," ಎಂದರು. ಸ್ಥಳದಲ್ಲಿ ಇಲಾಖೆಯವರು ಎಂದರೆ ಸಾಹೇಬರು, ಅವರ ಡ್ರೈವರು ಮತ್ತು ಕಂಬಿರಾಯರು. ಸಾಹೇಬರು ತಮ್ಮ ಒಣಗಿದ ಬೂಟನ್ನು ಮತ್ತೊಮ್ಮೆ ನೋಡಿಕೊಂಡರು. ಡ್ರೈವರು ಜೀಪಿನ ಟೈರನ್ನು ಪರೀಕ್ಷಿಸಲು ಹೋದ.

ರಾಯರು ಬಾಮೈದನ ಕಡೆಗೆ ತಿರುಗಿದರು.

"ಅವತ್ತು ನಿಮ್ಮನ್ನ ಹೊತ್ತಾಗಿಂದ ಸೊಂಟ ಹಿಡ್ಕೊಂಡಿದೆ ಭಾವ," ಎಂದ ಬಾಮೈದ. "ದಿಮ್ಮಿಯಾದ್ರೆ ಕುತ್ತಿಗೆ ಹಿಸುಕಲ್ಲ."

ಅತ್ತ ದರಿ, ಇತ್ತ ಪುಲಿ. ಎಲ್ಲರೂ ನೀರು ಕಡಿಮೆಯಿದ್ದ ಕಡವಿಗೆ, ಒಗೆಯುವ ಕಲ್ಲಿನ ಬಳಿಗೆ ಬಂದರು. ಇಂಜಿನಿಯರು ಬಂದಿದ್ದರೆ ಸೇತುವೆಗೆ ಆರಿಸುತ್ತಿದ್ದ ಜಾಗವೂ ಅದೇ. ರಾಯರು ಬೂಟು ಬಿಚ್ಚಿದರು. ಒಂದು ಕೈಯಲ್ಲಿ ಗೂಟ, ಒಂದು ಕೈಯಲ್ಲಿ ಸುತ್ತಿಗೆ ಹಿಡಿದು ನೀರಿನೊಳಗೆ ಒಂದು ಕಾಲಿಟ್ಟರು. ಇಟ್ಟ ಕಾಲು ಅಲ್ಲೇ ನಿಂತಿತು. ಇನ್ನೊಂದು ಬರಲೇ ಇಲ್ಲ. ಜೀಪು ಗುರ್ರೆಂದಿತು.

ಆಗ ಅತ್ತೆ ನೀರಿಗಿಳಿದರು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅಳಿಯನ ಮುಂದೆ ಕೈ ಚಾಚಿದರು.

"ಸುತ್ತಿಗೆ ಬುಟ್ಟಿಗೆ ಹಾಕಿ, ಕೈ ಕೊಡಿ ಅಳಿಯಂದ್ರೇ."

"ಅತ್ತೆ, ನಾನು ಸುಳ್ಳು ಹೇಳಿದೆ."

"ಕೇಳಿಸ್ತು. ಊರಿಗೇ ಕೇಳಿಸ್ತು. ಈಗ ಕಾಲೆತ್ತಿ. ಕಲ್ಲು ಪಾಚಿ ಕಟ್ಟಿದೆ, ನಾನಿಟ್ಟ ಕಡೇನೇ ಹೆಜ್ಜೆ ಇಡಿ."

ಕಂಬಿರಾಯರು ಹೊಳೆ ದಾಟಿದ ಆ ದೃಶ್ಯವನ್ನು ಊರು ಇವತ್ತಿಗೂ ನೆನೆಯುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಅವರು ದೇಹವನ್ನೆಲ್ಲ ನಡುಗಿಸುತ್ತಾ, ಊರಿನ ನಾಯಿಗಳೆಲ್ಲ ಉತ್ತರ ಕೊಡುವಷ್ಟು ಗಟ್ಟಿಯಾಗಿ ಅಳುತ್ತಾ ನಡೆದರು. ನಡುಹೊಳೆಯಲ್ಲಿ ನೀರು ಸೊಂಟಕ್ಕೆ ಬಂದಾಗ, "ಅತ್ತೇ, ನಾನು ಹೋದೆ, ನಿಮ್ಮ ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ!" ಎಂದು ಕೂಗಿದರು. "ಹೋಗಿಲ್ಲ, ಬರ್ತಾನೇ ಇದ್ದೀರಿ," ಎಂದರು ಅತ್ತೆ. ಆಚೆ ದಡ ಸಿಕ್ಕಿತು. ರಾಯರು ನಾದಿನಿಯ ಕಾಲ ಬಳಿಯ ಮಣ್ಣಿಗೇ ಗೂಟವನ್ನಿಟ್ಟು ಬಡಿದರು. ಮೊದಲ ಏಟು ಬೆರಳಿಗೆ ಬಿತ್ತು. ಬಾಕಿ ಏಟು ಗೂಟಕ್ಕೆ ಬಿದ್ದವು.

ಈಚೆ ದಡದಲ್ಲಿ ಸಾಹೇಬರು ಸಹಿ ಹಾಕಿ, ಕೈಗಳನ್ನು ಬಾಯಿಗಿಟ್ಟುಕೊಂಡು ಕೂಗಿದರು. "ಆಯ್ತು ಕಂಬಿ! ಬನ್ರೀ, ಜೀಪ್ ಹೊರಡ್ಬೇಕು!"

ರಾಯರು ಹಿಂದಿರುಗಿ ನೋಡಿದರು. ನೀರು ಹರಿಯುತ್ತಲೇ ಇತ್ತು. ಅವರು ನಿಧಾನವಾಗಿ ಒಂದು ಕಲ್ಲಿನ ಮೇಲೆ ಕೂತರು.

"ನಾನು ಬರಲ್ಲ ಸಾರ್. ಸೇತುವೆ ಆಗ್ಲಿ, ಬರ್ತೀನಿ."

"ಏನ್ರೀ ತಮಾಷೆ! ಅದು ಆಗೋದು ಯಾವಾಗ್ಲೋ ಏನೋ, ಯಾರಿಗ್ರೀ ಗೊತ್ತು!"

"ನಾವೂ ಅದನ್ನೇ ಕೇಳ್ತಿರೋದು ಸಾರ್!" ಎಂದು ನಾದಿನಿ ಕೂಗಿದಳು.

ಸಾಹೇಬರು ಜೀಪು ಹತ್ತಿದರು.

ಅತ್ತೆ ಕತ್ತಲಾಗುವ ಮುಂಚೆ ಈಚೆಗೆ ಬಂದರು. ಆ ವಾರವೇ ಮಳೆ ಹಿಡಿಯಿತು, ಹೊಳೆ ತುಂಬಿತು. ಅಲ್ಲಿಯವರೆಗೆ ಹಠವಾಗಿದ್ದದ್ದು ಇನ್ನು ವಾಸ್ತವವಾಯಿತು. ಕಂಬಿರಾಯರು ನಾದಿನಿಯ ಮನೆಯ ಅಟ್ಟದಲ್ಲಿ ಉಳಿದರು. ಇತ್ತ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ನಕ್ಷೆಗಳು ರಾಶಿಬಿದ್ದವು. ಯಾವ ಸೇತುವೆಗೂ ಕಂಬಿಯಿಲ್ಲ, ಕಂಬಿಯಿಲ್ಲದ ನಕ್ಷೆಗೆ ಸಹಿಯಿಲ್ಲ. ಬೇರೆಯವರು ಬರೆದು ನೋಡಿದರು, ಕೊಟ್ಟಿಗೆಯ ಬೇಲಿಯೇ ಆಯಿತು. ಮೇಲಿನಿಂದ ವಿಚಾರಣೆ ಬಂತು. ತಮ್ಮ ನೌಕರರೊಬ್ಬರು ಹೊಳೆಯ ಆಚೆಗಿದ್ದಾರೆ, ಬರಲು ದಾರಿಯಿಲ್ಲ ಎಂದು ಸಾಹೇಬರು ಉತ್ತರ ಬರೆಯಬೇಕಾಯಿತು. ಅಷ್ಟು ವರ್ಷ ಊರಿನವರು ಬರೆದಾಗ ಯಾರಿಗೂ ಅರ್ಥವಾಗದಿದ್ದ ವಾಕ್ಯ ಅದು. ಇಲಾಖೆಯ ಮುದ್ರೆ ಬಿದ್ದ ಮೇಲೆ ಎಲ್ಲರಿಗೂ ತಕ್ಷಣ ಅರ್ಥವಾಯಿತು.

ದಿನಾ ಸಂಜೆ ರಾಯರು ಕೂಸನ್ನು ಎತ್ತಿ ಹಿಡಿಯುತ್ತಿದ್ದರು, ಈಚೆಗೆ ಅತ್ತೆ ಮತ್ತು ಹೆಂಡತಿ ನಿಂತು ನೋಡುತ್ತಿದ್ದರು. "ರೀ, ತೆಳ್ಳಗಾಗಿದ್ದೀರಾ!" ಎಂದು ಹೆಂಡತಿ ಕೂಗುತ್ತಿದ್ದಳು. ಒಂದು ಸಂಜೆ ರಾಯರು, "ಅತ್ತೇ, ನಡೆದುಬಿಡ್ತು! ಇವತ್ತು ನಡೆದುಬಿಡ್ತು!" ಎಂದು ಕುಣಿದಾಡಿದರು. ಅತ್ತೆ ಈಚೆಯಿಂದ, "ಬಿದ್ದಿಲ್ಲ ತಾನೇ?" ಎಂದು ಕೂಗಿ, ಆಮೇಲೆ ಅಲ್ಲೇ ಕೂತು ಮುಖ ಮುಚ್ಚಿಕೊಂಡರು. ಅದನ್ನು ನೋಡಿದ ಮೇಲೆ ರಾಯರು ಯಾವತ್ತೂ ಕುಣಿಯಲಿಲ್ಲ.

ಮಳೆ ನಿಂತಿದ್ದೇ ತಡ, ಕಲ್ಲು, ಮರಳು, ಕಬ್ಬಿಣ ಎಲ್ಲ ಓಡೋಡಿ ಬಂದವು. ನೀರು ಇಳಿದಿದೆ, ಈಗ ಬರಬಹುದಲ್ಲ ಎಂದು ಸಾಹೇಬರು ಹೇಳಿಕಳಿಸಿದರು. ಇಳಿದದ್ದೂ ನೀರೇ ಎಂದು ರಾಯರು ಹೇಳಿಕಳಿಸಿದರು. ಇನ್ನೊಂದು ಮೋಡ ಕಾಣಿಸಿಕೊಳ್ಳುವ ಮೊದಲೇ ಸೇತುವೆ ನಿಂತಿತು.

ಉದ್ಘಾಟನೆಗೆ ಈಚೆ ತುದಿಯಲ್ಲಿ ಟೇಪು ಕಟ್ಟಿ, ಕತ್ತರಿ ಹಿಡಿದ ಗಣ್ಯರೊಬ್ಬರು ಭಾಷಣ ಮಾಡುತ್ತಿದ್ದರು. ಸೇತುವೆ ಎಂದರೆ ಏನು ಎಂಬಲ್ಲಿಗೆ ಬಂದಿದ್ದರು. ಅಷ್ಟರಲ್ಲಿ ಹಲಗೆಯ ಮೇಲೆ ಪುಟ್ಟ ಕಾಲಿನ ಸದ್ದು ಕೇಳಿಸಿತು. ಕೂಸು ಒಬ್ಬಂಟಿಯಾಗಿ, ಎರಡು ಕೈ ಅಗಲಿಸಿ, ತೂರಾಡುತ್ತಾ ಬರುತ್ತಿತ್ತು. ಟೇಪು ಕಟ್ಟಿದ್ದು ದೊಡ್ಡವರ ಎತ್ತರಕ್ಕೆ, ಅದು ಕೆಳಗಿನಿಂದ ನುಸುಳಿ ನೇರವಾಗಿ ಅಜ್ಜಿಯ ಕಾಲು ಹಿಡಿಯಿತು. ಅಷ್ಟು ದಿನ ಕೂಗಿ ಕೂಗಿ ಅಭ್ಯಾಸವಾಗಿದ್ದ ಅತ್ತೆ, ಕಾಲ ಬಳಿಯಿದ್ದ ಮೊಮ್ಮಗುವನ್ನು ಕುರಿತು ಹೊಳೆಯಾಚೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ಬಂದ್ಯಾ?" ಎಂದು ಕೂಗಿದರು. ಕೂಸು ಬೆಚ್ಚಿ ಅತ್ತಿತು. ಹಿಂದೆಯೇ ಓಡಿ ಬಂದ ನಾದಿನಿ ಅತ್ತಳು, ಅವಳ ಅಕ್ಕ ಅತ್ತಳು. ಕಂಬಿರಾಯರು ಎಲ್ಲರಿಗಿಂತ ಕೊನೆಯಲ್ಲಿ ಬಂದರು. ಬಾಕಿಯಿದ್ದ ಭಾಷಣವನ್ನು ಯಾರೂ ಕೇಳಲಿಲ್ಲ.

ಈಗ ಆ ಕಚೇರಿಗೆ ಸೇತುವೆ ಕೇಳಿಕೊಂಡು ಬರುವ ಹಳ್ಳಿಯವರು ಮೊದಲಿನಂತೆ ಕಾಡುವುದಿಲ್ಲ, ಬೇಡುವುದಿಲ್ಲ. ಸಾಹೇಬರ ಮುಂದೆ ಕೈಕಟ್ಟಿ ನಿಂತು ಒಂದೇ ಮಾತು ಹೇಳುತ್ತಾರೆ: "ಸೇತುವೆ ನಿಧಾನಕ್ಕೆ ಆಗ್ಲಿ ಸಾರ್, ಅವಸರ ಇಲ್ಲ. ಮೊದಲು ನಿಮ್ಮೋರಲ್ಲಿ ಈಜು ಬಾರದೋರು ಒಬ್ಬರನ್ನ ನಮ್ಮ ಆಚೆ ದಡಕ್ಕೆ ಕಳಿಸಿಕೊಡಿ."